ಬೆಳಕವಾಡಿಯಲ್ಲಿ ಇಲ್ಲದ ವೈರಸ್ಸು

ಮೊನ್ನೆ ಭಾರತೀನಗರದಿಂದ ಮಂಡ್ಯಕ್ಕೆ ಬರುವ ಬಸ್ಸಿನಲ್ಲಿ ಯಜಮಾನರೊಬ್ಬರು ಟಗರುಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಪಕ್ಕದ ಸೀಟಿಗೆ ಬಂದರು. ಮರಿ ಮಳೆಯಲ್ಲಿ ನೆನೆದಿತ್ತು. ಬಸ್ಸಿಗೆ ಬಸ್ಸೇ ಒದ್ದೆ ಉಣ್ಣೆಯ, ಹಿಕ್ಕೆಯ ವಾಸನೆಯಿಂದ ತುಂಬಿಹೋಯಿತು. ಮುಂದಿನ ಸೀಟಿನ ಕಾಲೇಜು ಹುಡುಗಿಯರು ದುಪಟ್ಟಾ ಮೂಗಿಗೆ ಒತ್ತಿಕೊಂಡರು. ಹಿಂದಿನಿಂದ ಯಾರೋ ಕಿಟಕಿ ತೆಗೆಯಿರಿ ಎಂದು ಗೊಣಗಿದರು. ನಾನೊಬ್ಬಳೇ ನಿರಾಳವಾಗಿ ಉಸಿರೆಳೆದುಕೊಂಡು ಕೂತಿದ್ದೆ. ಕೆಲವು ಹೆಂಗಸರಿಗೆ ಸೆಂಟಿನ ವಾಸನೆ ಬಂದರೆ ಗಂಡನ ನೆನಪಾಗುತ್ತದಂತೆ, ಕೆಲವರಿಗೆ ಸಿಗರೇಟಿನದು. ನನಗೆ ಒದ್ದೆ ಕುರಿಯದು. ಏನು ಮಾಡುವುದು ಹೇಳಿ, ಅವರವರ ಹಣೆಬರಹ.

ನನ್ನ ಗಂಡ ಕುರಿ ಕಾಯುವವರಲ್ಲ. ಕಾಯುತ್ತಿದ್ದರೆ ಮನೆಯ ಹಿತ್ತಲಿಗೆ ಒಂದಿಷ್ಟು ಗೊಬ್ಬರವಾದರೂ ಬರುತ್ತಿತ್ತು. ಅವರು ಕುರಿಗಳಿಗೆ ಬರುವ ವೈರಸ್ಸುಗಳ ಮೇಲೆ ಸಂಶೋಧನೆ ಮಾಡಿದವರು. ಮೂವತ್ತು ವರ್ಷ ಅದೊಂದೇ ಕೆಲಸ. ನಾನು ಭಾರತೀನಗರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಅವರು ಮಂಡ್ಯದಿಂದ ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿಬರುತ್ತಿದ್ದರು. ಹೆಸರಿನ ಹಿಂದೆ ಡಾಕ್ಟರು ಎಂದು ಇದ್ದದ್ದು ನಮ್ಮ ಅತ್ತೆಗೆ ದೊಡ್ಡ ತಲೆನೋವಾಗಿತ್ತು. ನೆಂಟರಿಷ್ಟರೆಲ್ಲ ದನಕರುಗಳ ಕಾಯಿಲೆ ಹೊತ್ತುಕೊಂಡು ಬರುತ್ತಿದ್ದರು. ಇವರು ತೀರಾ ವಿನಯದಿಂದ, ನನಗೆ ಚಿಕಿತ್ಸೆ ಬರುವುದಿಲ್ಲ, ನಾನು ವೈರಸ್ಸು ಮಾತ್ರ ನೋಡುವುದು ಎನ್ನುತ್ತಿದ್ದರು.

"ಅದ್ಯಾವ ಸೀಮೆ ಡಾಕ್ಟ್ರೋ ಕಣಮ್ಮ," ಎಂದು ಅತ್ತೆ ನನ್ನ ಬಳಿ ಹೇಳಿಕೊಳ್ಳುತ್ತಿದ್ದರು. "ಎಮ್ಮೆ ಕೆಚ್ಚಲು ಬಾತದೆ, ನೋಡ್ಲಾ ಅಂದ್ರೆ ದನದ ಆಸ್ಪತ್ರೆಗೆ ಓಗು ಅಂತಾನೆ. ಇಂಜೆಕ್ಸನ್ ಮಾಡಾಕ್ ಬರ್ದಿದ್ ಮ್ಯಾಕೆ ಅಷ್ಟೊಂದು ಯಾಕ್ ಓದ್ದ?"

ಅವರು ಓದಿದ್ದು ನೀಲಿನಾಲಿಗೆ ರೋಗದ ಬಗ್ಗೆ. ಮುಂಗಾರು ಮುಗಿದು ಗದ್ದೆಗಳಲ್ಲಿ ನೀರು ನಿಂತಿರುವ ಕಾಲಕ್ಕೆ ಕುರಿಗಳಿಗೆ ಬರುವ ಕಾಯಿಲೆ ಅದು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೊಣಗಳು ಒಂದು ಕುರಿಯಿಂದ ಇನ್ನೊಂದಕ್ಕೆ ಕಚ್ಚಿ ಹರಡುತ್ತವೆ. ಜ್ವರ ಬರುತ್ತದೆ, ಮುಸುಡಿ ಊದುತ್ತದೆ, ಜೊಲ್ಲು ಸುರಿಯುತ್ತದೆ, ಕೆಲವಕ್ಕೆ ನಾಲಿಗೆ ನೀಲಿಗಟ್ಟುತ್ತದೆ. ಮನುಷ್ಯರಿಗೆ ಇದು ಬರುವುದಿಲ್ಲ. ಈ ಮಾತನ್ನು ಮದುವೆಯಾದ ಹೊಸತರಲ್ಲಿ ನಾನು ಅವರಿಂದ ಮೂರು ಸಲ ಆಣೆ ಹಾಕಿಸಿಕೊಂಡು ಕೇಳಿದ್ದೆ, ಯಾಕೆಂದರೆ ಕುರಿಗಳ ರಕ್ತ ನಮ್ಮ ಮನೆಯ ಫ್ರಿಜ್ಜಿನಲ್ಲಿ ಇರುತ್ತಿತ್ತು.

ಈಗಿನವರು ಕೇಳಿದರೆ ಮೂರ್ಛೆ ಹೋಗುತ್ತಾರೆ. ಆಗ ಹಾಗೆಯೇ ನಡೆಯುತ್ತಿತ್ತು. ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಕುರಿಗಳ ರಕ್ತ ತೆಗೆದುಕೊಂಡು ಬರುವಷ್ಟರಲ್ಲಿ ಬೆಂಗಳೂರಿನ ರೈಲು ಹೋಗಿಬಿಟ್ಟಿರುತ್ತಿತ್ತು. ಥರ್ಮಾಕೋಲ್ ಡಬ್ಬಿಯಲ್ಲಿ ಸಾಲಾಗಿ ನಿಂತ ಸಣ್ಣ ಸಣ್ಣ ಗಾಜಿನ ಸೀಸೆಗಳು ಆ ದಿನಕ್ಕೆ ನಮ್ಮ ಮನೆಯ ಅತಿಥಿಗಳಾಗುತ್ತಿದ್ದವು. ಫ್ರಿಜ್ಜಿನ ಮೇಲಿನ ಖಾನೆ ಅವರದು, ಕೆಳಗಿನ ಎರಡು ಖಾನೆ ನನ್ನವು ಎಂದು ಒಪ್ಪಂದವಾಗಿತ್ತು. ಅತ್ತೆ ಮಾತ್ರ ಆ ಫ್ರಿಜ್ಜಿನಿಂದ ಬಂದ ಮೊಸರನ್ನು ಕೊನೆಯವರೆಗೂ ಮುಟ್ಟಲಿಲ್ಲ. ತಮ್ಮ ಮೊಸರಿನ ಗಡಿಗೆಯನ್ನು ಮೂಲೆಯಲ್ಲಿ ನೀರಿನ ಬೋಗುಣಿಯಲ್ಲಿ ಇಟ್ಟುಕೊಂಡಿದ್ದರು. ನಮ್ಮ ಮನೆಯಲ್ಲಿ ಜೈವಿಕ ಸುರಕ್ಷತೆಯ ನಿಯಮ ಪಾಲಿಸಿದವರು ಅವರೊಬ್ಬರೇ.

ಬೆಳಕವಾಡಿಯ ಹತ್ತಿರ ದೊಡ್ಡತಾಯಮ್ಮ ಎಂಬ ಹೆಂಗಸಿನ ಮಂದೆ ಇತ್ತು. ಒಳ್ಳೆಯ ಬಂಡೂರು ಕುರಿಗಳು, ಗಿಡ್ಡ ಕಾಲು, ತುಂಬಿದ ಮೈ. ಆ ಮಾಂಸಕ್ಕೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಇವರು ಅವಳ ಹಟ್ಟಿಗೆ ಪ್ರತಿ ವರ್ಷ ಹೋಗುತ್ತಿದ್ದರು. ಒಮ್ಮೆ ರಜೆಯಿದ್ದ ದಿನ ನಾನೂ ಜೊತೆಗೆ ಹೋಗಿದ್ದೆ. ಇವರು ಕುರಿಯ ಕತ್ತು ಹಿಡಿದು ನರ ಹುಡುಕುತ್ತಿದ್ದರೆ ದೊಡ್ಡತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದಳು.

"ವರ್ಸ್ ವರ್ಸಲೂ ಬಂದು ನನ್ ಕುರಿ ರಕ್ತ ಈರ್ಕೊಂಡ್ ಓಯ್ತೀಯಲ್ಲ ಡಾಕ್ಟ್ರಪ್ಪ, ಔಸ್ದಿ ಯಾವಾಗ್ ತತ್ತೀಯಾ?" ಎಂದಳು.

"ಮೊದಲು ಯಾವ ಬಗೆಯ ವೈರಸ್ಸು ಅಂತ ಗೊತ್ತಾಗಬೇಕಮ್ಮ," ಎಂದರು ಇವರು.

"ನೀನ್ ಗೊತ್ ಮಾಡ್ಕೊಳೋ ವತ್ಗೆ ನನ್ ಕುರಿ ಮುದ್ಕಿ ಆಯ್ತವೆ ಬುಡು," ಎಂದು ನನ್ನ ಕಡೆ ತಿರುಗಿ ನಕ್ಕಳು. ನಾನು ಅವಳ ಪಕ್ಷ ವಹಿಸಿ ನಕ್ಕೆ.

ಈ ವೈರಸ್ಸಿನಲ್ಲಿ ಹಲವು ಬಗೆಗಳಿವೆ, ಒಂದೊಂದಕ್ಕೂ ಒಂದೊಂದು ನಂಬರು. ಒಂದು ಬಗೆಗೆ ತಯಾರಿಸಿದ ಲಸಿಕೆ ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಯಾವ ಊರಿನಲ್ಲಿ ಯಾವ ನಂಬರು ಇದೆ ಎಂದು ಕಂಡುಹಿಡಿಯುವುದೇ ಇವರ ಕೆಲಸ. ಹೊಸ ನಂಬರು ಕಂಡವನಿಗೆ ಆ ಜಗತ್ತಿನಲ್ಲಿ ಸಿಗುವ ಮರ್ಯಾದೆ ಏನೆಂದು ನಿಮಗೆ ಹೇಗೆ ಹೇಳಲಿ? ನಮ್ಮ ಕಡೆ ಗಂಡುಮಗು ಹುಟ್ಟಿದಾಗ ಅಜ್ಜಿಯರು ಬೀದಿಯಲ್ಲಿ ಹೇಗೆ ನಡೆಯುತ್ತಾರೋ, ಹಾಗೆ ಇವರ ಸಹೋದ್ಯೋಗಿಗಳು ಸೆಮಿನಾರುಗಳಲ್ಲಿ ನಡೆಯುತ್ತಿದ್ದರು.

ಒಂದು ದೀಪಾವಳಿಯ ಹಿಂದಿನ ದಿನ ಇವರು ದೊಡ್ಡತಾಯಮ್ಮನ ಕುರಿಗಳ ರಕ್ತದ ಡಬ್ಬಿ ತಂದು ಫ್ರಿಜ್ಜಿನಲ್ಲಿ ಇಟ್ಟರು. ಅಲ್ಲಿ ಆಗಲೇ ಇನ್ನೊಂದು ಡಬ್ಬಿ ಇತ್ತು. ಬೇರೆ ಊರಿನ ಪ್ರಯೋಗಾಲಯದವರು ಹೋಲಿಸಿ ನೋಡಲು ಕೊಟ್ಟಿದ್ದ ಕುರಿರಕ್ತ ಅದು, ಯಾವ ಸೀಸೆಯಲ್ಲಿ ಯಾವ ನಂಬರಿದೆ ಎಂದು ಮೊದಲೇ ಗೊತ್ತಿರುವಂಥದ್ದು. ನೇರ ಬೆಂಗಳೂರಿಗೆ ಒಯ್ಯಬೇಕಾಗಿದ್ದನ್ನು ಹಬ್ಬದ ಆಸೆಗೆ ಮಂಡ್ಯದಲ್ಲಿ ಇಳಿಸಿಕೊಂಡಿದ್ದರು. ನಮ್ಮ ಮನೆಗೆ ಹಬ್ಬಕ್ಕೆ ಇಪ್ಪತ್ತು ಜನ. ಒಬ್ಬಟ್ಟಿನ ಹೂರಣ ರುಬ್ಬಿ ದೊಡ್ಡ ಪಾತ್ರೆಗೆ ತುಂಬಿದ್ದೆ. ಇವರು ಹೂವು ತರಲು ಪೇಟೆಗೆ ಹೋದಾಗ ಪಾತ್ರೆಗೆ ಜಾಗ ಮಾಡೋಣವೆಂದು ಎರಡೂ ಡಬ್ಬಿಗಳನ್ನು ಹೊರಗೆ ಎಳೆದೆ. ಒಂದು ಕೈಜಾರಿ ಓರೆಯಾಯಿತು, ಅದು ಹೋಗಿ ಇನ್ನೊಂದಕ್ಕೆ ತಗುಲಿತು. ಮೂರು ಸೀಸೆಗಳು ಅಡುಗೆಮನೆಯ ಕಟ್ಟೆಯ ಮೇಲೆ ಉರುಳಿದವು. ಒಂದೂ ಒಡೆಯಲಿಲ್ಲ. ಸೀಸೆಗಳ ಮೇಲೆ ಏನೂ ಬರೆದಿರಲಿಲ್ಲ, ಯಾವ ತೂತಿನಲ್ಲಿ ಯಾವುದು ಎಂಬ ಪಟ್ಟಿ ಡಬ್ಬಿಯ ಮುಚ್ಚಳದ ಮೇಲಿತ್ತು; ಅದನ್ನು ಓದಲು ನೋಡಿದೆ. ಇವರ ಅಕ್ಷರ ಎಂಥದೆಂದರೆ, ಮದುವೆಗೆ ಮುಂಚೆ ನನಗೆ ಬರೆದ ಕಾಗದವನ್ನು ನಮ್ಮಪ್ಪ ಔಷಧಿಯ ಚೀಟಿ ಎಂದುಕೊಂಡು ಎತ್ತಿಟ್ಟಿದ್ದರು. ಖಾಲಿಯಿದ್ದ ತೂತುಗಳಲ್ಲಿ ಮೂರನ್ನೂ ನಿಲ್ಲಿಸಿ, ಹೂರಣವನ್ನು ಒಳಗೆ ತಳ್ಳಿ, ಬಾಗಿಲು ಹಾಕಿದೆ. ಹಬ್ಬ ಚೆನ್ನಾಗಿ ನಡೆಯಿತು. ಒಬ್ಬಟ್ಟು ತಿಂದವರೆಲ್ಲ ಆರೋಗ್ಯವಾಗಿದ್ದಾರೆ.

ಕೆಲವು ತಿಂಗಳ ಮೇಲೆ ಇವರು ರೈಲಿನಿಂದ ಇಳಿದವರು ಆಟೋ ಹಿಡಿದು ಮನೆಗೆ ಬಂದರು. ಅಂಥ ದುಂದು ಅವರು ಎಂದೂ ಮಾಡಿದವರಲ್ಲ. ಬೆಳಕವಾಡಿಯ ಕುರಿಯೊಂದರ ರಕ್ತದಲ್ಲಿ ನಮ್ಮ ಕಡೆ ಯಾರೂ ಕಾಣದ ನಂಬರು ಸಿಕ್ಕಿದೆ ಎಂದರು. ನಾನು ಪಾಯಸ ಮಾಡಿದೆ. ಲೇಖನ ಅಚ್ಚಾಯಿತು, ಪತ್ರಿಕೆಯಲ್ಲಿ ಫೋಟೋ ಬಂತು, ಮಂಡ್ಯದಲ್ಲಿ ಒಂದು ಸಂಘದವರು ಕರೆದು ಶಾಲು ಹೊದಿಸಿ ಮೈಸೂರು ಪೇಟ ಇಟ್ಟರು. ಪೇಟ ಒಂದು ಸೈಜು ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತ್ತು. ಭಾಷಣಕಾರರು ಇವರನ್ನು ಮಂಡ್ಯಕ್ಕೆ ಹೊಸ ರೋಗ ತಂದುಕೊಟ್ಟ ಮಹನೀಯರು ಎಂದು ಕೊಂಡಾಡಿದರು. ಪ್ರಯೋಗಾಲಯದ ಮುಖ್ಯಸ್ಥರ ಕುರ್ಚಿ ಖಾಲಿಯಾಗುವುದರಲ್ಲಿತ್ತು, ಅದು ಇವರಿಗೇ ಎಂದು ಎಲ್ಲರೂ ಹೇಳತೊಡಗಿದರು. ನಾನು ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ಇದನ್ನು ತಿಳಿಸುತ್ತಿದ್ದೆ.

ಆಮೇಲೆ ಎರಡು ವರ್ಷ ಇವರು ಆ ನಂಬರಿಗಾಗಿ ಹುಡುಕಿದರು. ಬೆಳಕವಾಡಿ, ಅದರ ಸುತ್ತಲಿನ ಹಳ್ಳಿಗಳು, ಹೊಳೆಯ ಆಚೆ ಕಡೆ, ಯಾವ ಕುರಿಯಲ್ಲೂ ಅದು ಮತ್ತೆ ಸಿಗಲಿಲ್ಲ. ಇವರ ಕೈಕೆಳಗೆ ನಸೀಮಾ ಎಂಬ ಹುಡುಗಿ ಸಂಶೋಧನೆ ಮಾಡುತ್ತಿದ್ದಳು, ಮದ್ದೂರಿನ ಮೆಕ್ಯಾನಿಕ್ ಒಬ್ಬರ ಮಗಳು. ಅಪ್ಪ ಎಂಜಿನ್ ಬಿಚ್ಚಿದ ಹಾಗೆ ಇವಳು ವೈರಸ್ಸು ಬಿಚ್ಚುತ್ತಾಳೆ ಎಂದು ಇವರು ಹೊಗಳುತ್ತಿದ್ದರು. ಅವಳು ಆ ಬೇರೆ ಊರಿನ ಪ್ರಯೋಗಾಲಯದಿಂದ ಅದೇ ನಂಬರಿನ ವೈರಸ್ಸನ್ನು ಮತ್ತೆ ತರಿಸಿಕೊಂಡು, ಬೆಳಕವಾಡಿಯದರ ಪಕ್ಕದಲ್ಲಿ ಇಟ್ಟು, ಎರಡರ ವಂಶವಾಹಿಗಳನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿದಳು.

"ಸಾರ್, ಎರಡೂ ಒಂದೇ ಥರ ಇವೆ," ಎಂದಳಂತೆ. ಆಮೇಲೆ ತಾನೇ ತಿದ್ದಿಕೊಂಡು, "ಒಂದೇ ಥರ ಅಲ್ಲ ಸಾರ್. ಒಂದೇ," ಎಂದಳಂತೆ.

ಇವರು ಮನೆಗೆ ಬಂದು ತಟ್ಟೆಯ ಮುಂದೆ ಕೂತು ಇದನ್ನು ಹೇಳಿದರು. ಎಲ್ಲಿ ಬೆರೆತುಹೋಯಿತೋ ತಿಳಿಯುತ್ತಿಲ್ಲ ಎಂದರು. ಮುದ್ದೆ ಆರಿಹೋಗುತ್ತಿತ್ತು. ನಾನು ಸಾರು ಬಡಿಸಲು ಬಗ್ಗಿದವಳು ಹಾಗೆಯೇ ನಿಂತೆ. ಹೂರಣದ ಪಾತ್ರೆ, ಓರೆಯಾದ ಡಬ್ಬಿ, ಕಟ್ಟೆಯ ಮೇಲೆ ಉರುಳಿದ ಮೂರು ಸೀಸೆ, ಎಲ್ಲ ಕಣ್ಣ ಮುಂದೆ ಬಂದವು. ಬಾಯಿ ತೆರೆಯಬೇಕಿತ್ತು. ಇನ್ನೊಂದು ಮುದ್ದೆ ಹಾಕಲೇ ಎಂದು ಕೇಳಿದೆ.

ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ಆ ದಿನಗಳಲ್ಲಿ ನಾನು ಕ್ಲಾಸಿನಲ್ಲಿ ಸತ್ಯ, ಧರ್ಮ ಎಂದು ಬರುವ ಪದ್ಯಗಳನ್ನೇ ಪಾಠ ಮಾಡುತ್ತಿದ್ದೆ, ಪಠ್ಯಪುಸ್ತಕಕ್ಕೆ ಹೊತ್ತುಗೊತ್ತು ಇಲ್ಲ. ನನ್ನ ಭಯ ಇವರು ಬೈಯುತ್ತಾರೆ ಎಂದಲ್ಲ. ಬೈಯಲು ಇವರಿಗೆ ಬರುವುದಿಲ್ಲ. ಆ ಶಾಲು, ಆ ಪೇಟ, ಬರಲಿದ್ದ ಕುರ್ಚಿ, ಎಲ್ಲವೂ ಒಂದು ಪಾತ್ರೆ ಹೂರಣಕ್ಕೆ ಹೋಯಿತಲ್ಲ ಎಂದು. ಹೇಳದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ, ತಪ್ಪು ಪ್ರಯೋಗಾಲಯದ್ದೋ ಯಾರದ್ದೋ ಎಂದು ಮಸುಕಾಗಿ ಉಳಿದುಬಿಡುತ್ತದೆ, ಅಷ್ಟರಲ್ಲಿ ಕುರ್ಚಿಯೂ ಬಂದಿರುತ್ತದೆ ಎಂಬ ಲೆಕ್ಕಾಚಾರವೂ ಮನಸ್ಸಿನಲ್ಲಿ ನಡೆದಿತ್ತು. ಸುಳ್ಳು ಯಾಕೆ ಹೇಳಲಿ.

ಹನ್ನೆರಡನೆಯ ದಿನ ಭಾನುವಾರ. ಇಬ್ಬರೂ ಅಡುಗೆಮನೆಯಲ್ಲಿ ಕೂತು ಸಾರಿಗೆ ನೆನೆಸಿದ ಅವರೆಕಾಳು ಹಿದುಕುತ್ತಿದ್ದೆವು. ಒಂದು ಕಾಳು ಸಿಪ್ಪೆಯಿಂದ ಚಿಮ್ಮಿ ಅವರ ಕನ್ನಡಕಕ್ಕೆ ಬಡಿಯಿತು. ಅವರು ನಕ್ಕರು. ನನಗೆ ಅಳು ಬಂದುಬಿಟ್ಟಿತು.

"ರೀ, ಆ ಡಬ್ಬಿಗಳನ್ನ ಬೀಳಿಸಿದ್ದು ನಾನು," ಎಂದೆ.

ಎಲ್ಲವನ್ನೂ ಹೇಳಿದೆ. ಅವರು ಕಾಳು ಹಿದುಕುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ, "ಎಷ್ಟು ಸೀಸೆ ಬಿತ್ತು?" ಎಂದು ಕೇಳಿದರು.

"ಮೂರು."

"ಯಾವ ಡಬ್ಬಿಯಿಂದ ಎಷ್ಟು?"

"ನನಗೇನು ಗೊತ್ತು, ಎಲ್ಲಾ ಕೆಂಪಗೇ ಇದ್ದವು."

"ತೋರಿಸು," ಎಂದು ಎದ್ದರು. ಫ್ರಿಜ್ಜಿನಿಂದ ಉಪ್ಪಿನಕಾಯಿ ಜಾಡಿಗಳನ್ನು ತೆಗೆದರು, ಎರಡು ಪೌಡರ್ ಡಬ್ಬಗಳನ್ನು ತಂದರು, ಮಸಾಲೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದರು. ನಾನು ಮೂಗು ಒರೆಸಿಕೊಳ್ಳುತ್ತ ಆವತ್ತು ಹೇಗೆ ಎಳೆದೆ, ಹೇಗೆ ಓರೆಯಾಯಿತು ಎಂದು ಮಾಡಿ ತೋರಿಸಿದೆ. ಅವರು ಹಾಲಿನವನ ಕ್ಯಾಲೆಂಡರಿನ ಹಿಂಭಾಗದಲ್ಲಿ ಚಿತ್ರ ಬರೆದುಕೊಂಡರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಇಬ್ರುಗೂ ಮಂಕ್ ಇಡೀತು," ಎಂದು ಹೊರಟುಹೋದರು.

ಮಾರನೆಯ ವಾರ ಇವರು ಆ ಲೇಖನ ಪ್ರಕಟಿಸಿದವರಿಗೆ ಕಾಗದ ಬರೆದರು. ನನ್ನ ವರದಿ ತಪ್ಪು, ಬೆಳಕವಾಡಿಯಲ್ಲಿ ಆ ವೈರಸ್ಸು ಇಲ್ಲ, ಮಾದರಿಗಳನ್ನು ನಿಯಮ ಮೀರಿ ಮನೆಯಲ್ಲಿ ಇಟ್ಟಿದ್ದು ನನ್ನ ತಪ್ಪು ಎಂದಿತ್ತು ಅದರಲ್ಲಿ. ನನ್ನ ಹೆಸರೂ ಇರಲಿಲ್ಲ, ಹೂರಣದ ಹೆಸರೂ ಇರಲಿಲ್ಲ. ಕುರ್ಚಿ ಇನ್ನೊಬ್ಬರಿಗೆ ಹೋಯಿತು. ಸೆಮಿನಾರುಗಳಲ್ಲಿ ಜನ ಇವರನ್ನು ಕಂಡು ಬಹಳ ಮೆತ್ತಗೆ ಮಾತಾಡತೊಡಗಿದರು, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆವು. ದೊಡ್ಡತಾಯಮ್ಮನಿಗೂ ಒಂದು ಮಾತು ಹೇಳಿಬರೋಣವೆಂದು ಇಬ್ಬರೂ ಬೆಳಕವಾಡಿಗೆ ಹೋದೆವು. ನಾನು ಒಂದು ಪೊಟ್ಟಣ ಬಾದಾಮಿ ಹಲ್ವಾ ಹಿಡಿದುಕೊಂಡಿದ್ದೆ, ತಪ್ಪೊಪ್ಪಿಗೆಗೆ ಏನು ಒಯ್ಯಬೇಕೆಂದು ತಿಳಿಯದೆ. ಅವಳು ಕೂರಲು ಹೇಳಲಿಲ್ಲ. ಮಂದೆ ಎಂದಿಗಿಂತ ದೊಡ್ಡದಾಗಿತ್ತು. ಒಳ್ಳೆಯದಾಗಿದೆ, ಕುರಿಗಳು ಹೆಚ್ಚಿವೆ ಎಂದು ಇವರು ಶುರುಮಾಡಿದರು.

"ಎಚ್ದೆ ಏನ್ ಮಾಡ್ತವೆ? ಯಾರೂ ಕೊಳ್ಳಾಕಿಲ್ಲ," ಎಂದಳು. "ಪೇಪರ್ನಾಗ್ ಆಕುಸ್ದಲ್ಲ, ಬೆಳಕವಾಡಿ ಕುರೀಗೆ ಒಸಾ ರೋಗ ಅಂತ. ಮಳವಳ್ಳಿ ಸಂತೇಲಿ ನನ್ ಕುರಿ ಕಂಡ್ರೆ ದೂರ ಓಯ್ತವ್ರೆ. ಅವ್ರ್ ಕುರೀಗೆ ನನ್ ಟಗರು ಬುಡುಸ್ಕೊಳಾಕೂ ಯಾರೂ ಬರಾಕಿಲ್ಲ. ಎಲ್ಡ್ ವರ್ಸ ಆಯ್ತು."

ಎರಡು ವರ್ಷವೂ ಇವರು ಅದೇ ಹಟ್ಟಿಗೆ ಬಂದು ಕುರಿಗಳ ಕತ್ತು ಹಿಡಿದು ರಕ್ತ ತೆಗೆದುಕೊಂಡು ಹೋಗಿದ್ದರು. ಕುರಿಗಳ ಮೂಗು, ಬಾಯಿ, ಗೊರಸು ಎಲ್ಲ ನೋಡಿದ್ದರು. ಅವಳ ಮುಖ ನೋಡಿರಲಿಲ್ಲ.

"ಆ ರೋಗ ಇಲ್ಲ ದೊಡ್ಡತಾಯಮ್ಮ. ತಪ್ಪಾಗಿತ್ತು. ಪತ್ರಿಕೆಯವರಿಗೆ ಬರೆದಿದ್ದೀನಿ," ಎಂದರು.

"ಯಾವ್ ಬಾಸೇಲಿ ಬರ್ದೆ?"

"ಇಂಗ್ಲಿಷಲ್ಲಿ."

"ಅದ್ನ ಮಳವಳ್ಳೀಲಿ ಯಾರ್ ಓದಾರು? ನೀನೇ ಸಂತೇಗ್ ಬಂದ್ ಯೋಳು. ನಿನ್ ಬಾಯಲ್ಲೇ ಯೋಳು," ಎಂದಳು. ನನ್ನ ಕಡೆ ತಿರುಗಿ, "ನೀನೂ ಬಾ ಕಣವ್ವ," ಎಂದಳು. ಹಲ್ವಾ ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು.

ಸಂತೆಯ ದಿನ ಹೋದೆವು. ಇವರು ಶಾಲು ಹೊದಿಸಿಕೊಂಡ ಸಭೆಗೆ ಹಾಕಿದ್ದ ಅಂಗಿಯನ್ನೇ ಹಾಕಿಕೊಂಡಿದ್ದರು, ಇಸ್ತ್ರಿ ಮಾಡಿದ್ದು ಅದೊಂದೇ ಇತ್ತು. ದೊಡ್ಡತಾಯಮ್ಮ ತನ್ನ ಕುರಿಗಳ ಮಧ್ಯೆ ಇವರನ್ನು ನಿಲ್ಲಿಸಿ, ಸುತ್ತಲಿನ ವ್ಯಾಪಾರಿಗಳನ್ನು ಕೂಗಿ ಕರೆದಳು. ಇವರು ಗಂಟಲು ಸರಿಮಾಡಿಕೊಂಡು, ಸೆಮಿನಾರಿನ ಅಭ್ಯಾಸದಲ್ಲಿ, "ನೀಲಿನಾಲಿಗೆ ರೋಗದ ಉಪಬಗೆಗಳ ವಿಚಾರದಲ್ಲಿ..." ಎಂದು ಆರಂಭಿಸಿದರು. ಹಿಂದಿನಿಂದ ಯಾರೋ, "ಅದ್ಯಾಕಣ್ಣ, ರೋಗ ಅದಾ ಇಲ್ವಾ ಅಷ್ಟ್ ಯೋಳು," ಎಂದರು.

"ಇಲ್ಲ," ಎಂದರು ಇವರು. "ಈ ಅಮ್ಮನ ಕುರಿಗಳಲ್ಲಿ ಹೊಸ ರೋಗ ಇಲ್ಲ. ಇದೆ ಅಂತ ಹೇಳಿದ್ದು ನಾನು. ನಾನು ಹೇಳಿದ್ದು ತಪ್ಪು."

ಅಲ್ಲಿ ಬಾಬು ಸಾಬರು ಎಂಬ ಹಳೆಯ ಮಾಂಸದ ವ್ಯಾಪಾರಿ ಇದ್ದರು. ಅವರ ಮಾತಿಗೆ ಆ ಸಂತೆಯಲ್ಲಿ ತೂಕವಿತ್ತು. "ತಪ್ಪು ಹೆಂಗಾಯ್ತು ಸಾರ್? ನೀವು ಓದಿದೋರು," ಎಂದು ಅವರು ಕೇಳಿದರು. ಇವರು ಮನೆಯಲ್ಲಿ ಸೀಸೆಗಳು ಬೆರೆತವು ಎಂದರು. ಹೆಂಗೆ ಬೆರೆತವು ಎಂದು ಸಾಬರು ಬಿಡಲಿಲ್ಲ. ಇವರು ನನ್ನ ಕಡೆ ನೋಡದೆ ನೆಲ ನೋಡಿದರು. ಆಗ ನಾನು ಒಂದು ಹೆಜ್ಜೆ ಮುಂದೆ ಬಂದೆ.

"ನಾನು ಬೀಳಿಸಿದೆ," ಎಂದೆ. "ಫ್ರಿಜ್ಜಲ್ಲಿ ಒಬ್ಬಟ್ಟಿನ ಹೂರಣ ಇಡೋಕೆ ಹೋಗಿ ಡಬ್ಬಿ ಬೀಳಿಸಿದೆ. ಇವರಿಗೆ ಹೇಳಲಿಲ್ಲ."

ಒಂದು ಕ್ಷಣ ಕುರಿಗಳು ಮಾತ್ರ ಮಾತಾಡಿದವು. ಮುದುಕಿಯೊಬ್ಬಳು, "ಅಂಗಾರೆ ಇವುರ್ ಮನೇಲಿ ಕುರಿ ರಕ್ತಾನೂ ಊರ್ಣಾನೂ ಒಂದ್ರಲ್ಲೇ ಇಕ್ತಾರಾ?" ಎಂದಳು. ಇಡೀ ಸಂತೆ ನಕ್ಕಿತು. ನನ್ನ ಇಪ್ಪತ್ತು ವರ್ಷದ ಅಧ್ಯಾಪನದಲ್ಲಿ ಅಷ್ಟು ಜನ ಒಟ್ಟಿಗೆ ನನ್ನ ಮಾತು ಕೇಳಿರಲಿಲ್ಲ, ಕೇಳಿದ ಮೇಲೆ ಅಷ್ಟು ನಕ್ಕಿರಲೂ ಇಲ್ಲ. ಬಾಬು ಸಾಬರು ನಗುತ್ತಲೇ ಬಂದು ಒಂದು ಟಗರಿನ ಬೆನ್ನಿನ ಮೇಲೆ ಕೈಯಿಟ್ಟು ಅದುಮಿ ನೋಡಿದರು, ಬಾಯಿ ಅಗಲಿಸಿ ನಾಲಿಗೆ ನೋಡಿದರು.

"ಕೆಂಪಗಿದೆ," ಎಂದರು. "ಇದು ನನಗೆ."

ದೊಡ್ಡತಾಯಮ್ಮ ಹಗ್ಗ ಬಿಚ್ಚಿ ಅವರ ಕೈಗೆ ಕೊಟ್ಟಳು. ನಮ್ಮನ್ನು ಹೋಗಿ ಎಂದೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಇನ್ನೊಬ್ಬರು ಬಂದು ಕುರಿ ಮುಟ್ಟಿದ ಮೇಲೆ ನಮ್ಮ ಕಡೆ ತಿರುಗಿ, "ಬಿಸ್ಲಲ್ ಯಾಕ್ ನಿಂತಿದ್ದೀರಿ, ಆ ಗಾಡಿ ನೆಳ್ಳಲ್ ಕುಂತ್ಕಳಿ," ಎಂದಳು.

ಆ ಮೇಲೆ ಇವರು ಇನ್ನೂ ಹತ್ತು ಹನ್ನೆರಡು ವರ್ಷ ಕೆಲಸ ಮಾಡಿದರು. ಹೊಸ ನಂಬರು ಯಾವುದೂ ಸಿಗಲಿಲ್ಲ. ಆ ಸಣ್ಣ ನೊಣಗಳು ಹಟ್ಟಿಯ ಯಾವ ಮೂಲೆಯಲ್ಲಿ ಹೆಚ್ಚು, ಸಂಜೆ ಯಾವ ಹೊತ್ತಿನಲ್ಲಿ ಕಚ್ಚುತ್ತವೆ ಎಂದು ಬರೆದುಕೊಂಡರು. ಕುರಿಗಳನ್ನು ಒದ್ದೆ ಸಗಣಿಯಿಂದ, ಗದ್ದೆಯ ಅಂಚಿನಿಂದ ದೂರ ಕಟ್ಟಿರಿ ಎಂದು ಊರೂರಿಗೆ ಹೇಳುತ್ತ ತಿರುಗಿದರು. ಅದಕ್ಕೆ ಯಾರೂ ಶಾಲು ಹೊದಿಸಲಿಲ್ಲ. ನಸೀಮಾ ಈಗ ದೊಡ್ಡ ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿ ಇದ್ದಾಳೆ.

ಬಸ್ಸಿನಿಂದ ಇಳಿದು ಮನೆಗೆ ಬಂದವಳೇ ಇಷ್ಟನ್ನೂ ಬರೆಯಲು ಕೂತೆ. ಈ ಬೆಳಗ್ಗೆ ಇವರಿಗೆ ಓದಿ ಹೇಳಿದೆ. ಜಗುಲಿಯಲ್ಲಿ ಕಾಲು ಚಾಚಿಕೊಂಡು ಪೂರ್ತಿ ಕೇಳಿದರು. ನನ್ನ ಹನ್ನೊಂದು ದಿನದ ಮೌನದ ಜಾಗವನ್ನು ಬೇಗ ಬೇಗ ಓದಿದೆ, ಇಷ್ಟು ವರ್ಷವಾದರೂ. ಓದಿ ಮುಗಿಸಿದೆ.

"ಆ ಬೇರೆ ಊರಿನ ಡಬ್ಬಿಯಲ್ಲಿ ನಾಲ್ಕು ಸೀಸೆ ಇದ್ದವು," ಎಂದರು ಆಮೇಲೆ. "ಮೂರರಲ್ಲಿ ವೈರಸ್ಸು ಬೆಳೀತು. ಒಂದರಲ್ಲಿ ಏನೂ ಬರಲಿಲ್ಲ, ಬರೀ ರಕ್ತ. ಬೆಳೀದೆ ಹೋದದ್ದು ಯಾವ ನಂಬರು ಗೊತ್ತಾ? ಬೆಳಕವಾಡೀಲಿ ಸಿಕ್ಕಿದೆ ಅಂತ ನಾನು ಕುಣಿದಾಡಿದೆನಲ್ಲ, ಅದೇ."

ಆ ಡಬ್ಬಿಯ ಸೀಸೆಯೂ ಬೆಳಕವಾಡಿಯ ಬರೀ ರಕ್ತದ ಸೀಸೆಯೂ ಅದಲುಬದಲಾಗಿದ್ದವು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂತಲ್ಲ. ಅನುಮಾನ ಇತ್ತು. ಲೇಖನ ಕಳಿಸೋ ದಿನವೂ ಇತ್ತು, ಪೇಟ ಇಟ್ಟ ದಿನವೂ ಇತ್ತು. ಎರಡು ವರ್ಷ ಇಟ್ಟುಕೊಂಡಿದ್ದೆ. ನಾನಾಗಿ ಹೇಳೋ ಧೈರ್ಯ ಇರಲಿಲ್ಲ. ಅದಕ್ಕೇ ಆ ಹೋಲಿಸೋ ಕೆಲಸ ನಸೀಮಾಗೆ ಕೊಟ್ಟೆ. ಯಾರಾದರೂ ನನ್ನನ್ನ ಹಿಡೀಲಿ ಅಂತ."

ಪ್ರಪಂಚದ ಕುರಿಗಳನ್ನೆಲ್ಲ ಪರೀಕ್ಷೆ ಮಾಡಿದ ಮನುಷ್ಯ, ಫ್ರಿಜ್ಜಿನ ಡಬ್ಬಿ ಮುಟ್ಟಿದೆಯಾ ಎಂದು ಹೆಂಡತಿಯನ್ನು ಒಂದು ಸಲವೂ ಕೇಳದೆ ಇದ್ದದ್ದು ಯಾಕೆಂದು ನನಗೆ ಈಗ ತಿಳಿಯಿತು. ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಇಷ್ಟು ವರ್ಷ ನಾನು ಒಬ್ಬ ಮಹಾತ್ಮನ ಜೊತೆ ಸಂಸಾರ ಮಾಡುತ್ತಿದ್ದೇನೆಂದುಕೊಂಡು ಮನೆಯೊಳಗೆ ಒಂದು ಚೂರು ತಲೆ ತಗ್ಗಿಸಿಯೇ ಓಡಾಡಿದ್ದೆ. ಸಿಟ್ಟು ಬರಬೇಕಿತ್ತು. ಬಂತು ಕೂಡ, ಎರಡು ನಿಮಿಷ. ಆಮೇಲೆ ಅವರನ್ನು ನೋಡಿದರೆ ಮಹಾತ್ಮನಿಗಿಂತ ಈ ಮನುಷ್ಯನೇ ನನಗೆ ಹೆಚ್ಚು ಪರಿಚಿತ ಎನ್ನಿಸಿತು.

"ಇದನ್ನೂ ಬರೀತೀಯಾ?" ಎಂದು ಕೇಳಿದರು.

"ಬರೀತೀನಿ."

"ಬರಿ. ಆದರೆ ಅಚ್ಚಾಗೋಕೆ ಮುಂಚೆ ನಸೀಮಾಗೆ ನಾನೇ ಹೇಳಬೇಕು. ಆ ಹುಡುಗಿ ತನ್ನಿಂದ ನನ್ನ ಕುರ್ಚಿ ತಪ್ಪಿತು ಅಂತ ಇವತ್ತಿಗೂ ಕೊರಗ್ತಾಳೆ."

ಎದ್ದು ಒಳಗೆ ಹೋಗಿ ಕನ್ನಡಕ ಹುಡುಕಿ, ನಂಬರು ಹುಡುಕಿ, ಫೋನು ಕಿವಿಗೆ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಆ ಕಡೆಯಿಂದ "ಹೇಳಿ ಸಾರ್" ಎಂದದ್ದು ನನಗೂ ಕೇಳಿಸಿತು. ಇವರು ಹೇಳತೊಡಗಿದರು.